ಹೊಗಳುಭಟನ ಗುಂಡಿ

ಹೊಸ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತ ಮನುಷ್ಯನಿಗೆ ಆ ಗಳಿಗೆಯಲ್ಲಿ ಏನು ಹೇಳುತ್ತೇವೆ ಎನ್ನುವುದೂ ಹೊಲಿಗೆಯ ಒಂದು ಭಾಗ ಎಂದು ದರ್ಜಿ ನಂಬಿದ್ದ. ಮೂವತ್ತೊಂದು ವರ್ಷದಿಂದ ಅದೇ ಬೀದಿಯ ಅದೇ ಅಂಗಡಿಯಲ್ಲಿ ಮೆಷಿನ್ ತುಳಿಯುತ್ತ ಅವನು ಈ ಕಲೆಯಲ್ಲಿ ಪಳಗಿದ್ದ. ಹೊಟ್ಟೆ ಮುಂದೆ ಬಂದವರಿಗೆ "ನಿಲುವಿಗೆ ಒಂದು ತೂಕ ಇದೆ ಸಾರ್" ಎನ್ನುತ್ತಿದ್ದ. ಭುಜ ಇಳಿಬಿದ್ದವರಿಗೆ "ಇಂಥ ಭುಜದ ಮೇಲೆ ಬಟ್ಟೆ ಹಗುರಾಗಿ ಕೂರುತ್ತೆ" ಎನ್ನುತ್ತಿದ್ದ. ಸುಳ್ಳು ಹೇಳುವ ಜಾಯಮಾನ ಅವನದಲ್ಲ. ನಿಜದ ಅಂಚನ್ನು ಒಂದಿಷ್ಟು ಒಳಕ್ಕೆ ಮಡಚಿ ಹೊಲಿಯುತ್ತಿದ್ದ, ಅಷ್ಟೇ. ಗಿರಾಕಿಗಳು ಎದೆ ಸೆಟೆಸಿಕೊಂಡು ಹೊರಡುತ್ತಿದ್ದರು. ಆಮೇಲೆ ಮೆಚ್ಚುಗೆಯೆಲ್ಲ ಅವರ ಮೈಕಟ್ಟಿಗೆ ಸಲ್ಲುತ್ತಿತ್ತು. ಹೊಲಿದವನು ಯಾರೆಂದು ಕೇಳುವಷ್ಟು ಪುರುಸೊತ್ತು ಯಾರಿಗಿದೆ? ಈ ಬಗ್ಗೆ ದರ್ಜಿಗೆ ದೂರೇನೂ ಇರಲಿಲ್ಲ. ಐವತ್ತಮೂರು ದಾಟಿದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಮೊದಲ ಸಲ ಒಂದು ಸಣ್ಣ ದೂರು ಹುಟ್ಟಿತು.

ಭಾನುವಾರ ಮಧ್ಯಾಹ್ನವೆಂದರೆ ಹಲ್ಲಿನ ಡಾಕ್ಟ್ರಮ್ಮನ ಕ್ಲಿನಿಕ್ಕು. ಅಂದು ರೋಗಿಗಳಿಗೆ ರಜೆ. ಕಾಯುವ ಕೋಣೆಯ ಕಬ್ಬಿಣದ ಕುರ್ಚಿಗಳನ್ನು ಟೀಪಾಯಿಯ ಸುತ್ತ ಎಳೆದುಕೊಂಡು, ಲವಂಗದೆಣ್ಣೆಯ ವಾಸನೆಯ ನಡುವೆ ನಾಲ್ವರು ಆಟಕ್ಕೆ ಕೂರುತ್ತಿದ್ದರು. ಕಾಗದ, ಪೆನ್ಸಿಲು, ದಾಳ ಮತ್ತು ಬಾಯಿ ಇದ್ದರೆ ನಡೆಯುವ ಆಟ ಅದು. ಡಾಕ್ಟ್ರಮ್ಮ ಕಥೆ ಹೇಳುವರು: ಮುಂದೆ ಕಾಡಿದೆ, ಕಾಡಿನಾಚೆ ಕೋಟೆ, ಕೋಟೆಯೊಳಗೆ ಇಂಥಿಂಥ ಪಿಡುಗು. ಉಳಿದ ಮೂವರು ಆ ಕಥೆಯೊಳಗಿನ ಸಾಹಸಿಗಳು. ಯಾರೇ ಏನೇ ಮಾಡಹೊರಟರೂ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಸಾಕಷ್ಟು ದೊಡ್ಡ ಸಂಖ್ಯೆ ಬಿದ್ದರೆ ಗೆದ್ದಂತೆ, ಇಲ್ಲದಿದ್ದರೆ ಏಟು ತಿಂದಂತೆ. ಒಂಬತ್ತು ವರ್ಷದಿಂದ ಒಂದೇ ಕಥೆ, ಅದೇ ಮೂವರು.

ದರ್ಜಿಯ ಭಾವ, ಎಂದರೆ ಅಕ್ಕನ ಗಂಡ, ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಸೂಪರ್‌ವೈಸರ್. ವಾರವೆಲ್ಲ ವಾಲ್ವು ತಿರುಗಿಸುವವರನ್ನು ಗದರಿಸಿ, ಭಾನುವಾರ ಖಡ್ಗಧಾರಿಯಾಗುತ್ತಿದ್ದರು. ಔಷಧಿ ಅಂಗಡಿಯ ಗೆಳೆಯ ಮಂತ್ರವಾದಿ. ಡಾಕ್ಟರುಗಳ ಬರಹವನ್ನೇ ಓದಬಲ್ಲವನು ಯಾವ ಮಂತ್ರವನ್ನಾದರೂ ಓದಿಯಾನು ಎಂದು ಅವನಿಗೆ ಆ ಪಾತ್ರ ಸರ್ವಾನುಮತದಿಂದ ಸಿಕ್ಕಿತ್ತು. ದರ್ಜಿ ಮೊದಲ ದಿನವೇ ಯಾರದೋ ಪ್ಯಾಂಟು ಮುಗಿಸಿ ತಡವಾಗಿ ಬಂದ. ಉಳಿದಿದ್ದದ್ದು ಹಾಡುಗಾರನ ಪಾತ್ರ.

"ನಂಗೆ ಜೋಗುಳ ಹಾಡೋಕೂ ಬರಲ್ಲ ಡಾಕ್ಟ್ರಮ್ಮ," ಎಂದಿದ್ದ.

"ಹಾಡೋದು ಬೇಡ. ಜೊತೆಯವರಿಗೆ ಧೈರ್ಯ ಬರೋ ಹಾಗೆ ಒಂದು ಮಾತು ಹೇಳಿ, ಸಾಕು," ಎಂದಿದ್ದರು ಡಾಕ್ಟ್ರಮ್ಮ.

ಹಾಡುಗಾರನ ಮಾತು ಪಡೆದವರು ಕಷ್ಟಕಾಲದಲ್ಲಿ ಒಮ್ಮೆ ನಾಲ್ಕು ಮುಖದ ಪುಟಾಣಿ ದಾಳವನ್ನೂ ಉರುಳಿಸಿ, ಬಿದ್ದದ್ದನ್ನು ತಮ್ಮ ಸಂಖ್ಯೆಗೆ ಕೂಡಿಸಿಕೊಳ್ಳಬಹುದು. ಯಾರಿಗೆ ಮಾತು ಸಿಕ್ಕಿದೆ ಎಂಬ ಗುರುತಿಗೆ ದರ್ಜಿ ತನ್ನ ಜೇಬಿನಿಂದ ಒಂದು ಗುಂಡಿ ತೆಗೆದು ಕೊಡುವುದು ರೂಢಿಯಾಯಿತು. ಡಾಕ್ಟ್ರಮ್ಮ ಒಂದು ಕಟ್ಟಳೆಯನ್ನೂ ಹಾಕಿದ್ದರು: ಗುಂಡಿ ಬಳಸುವವರು ಹಾಡುಗಾರ ಹೇಳಿದ ಮಾತನ್ನು ಎಲ್ಲರೆದುರು ತಿರುಗಿ ಹೇಳಬೇಕು. ಮೊದಲ ವರ್ಷ ಅದು ನಡೆಯಿತು. ಬರಬರುತ್ತ ಭಾವ "ಅದೇ, ಅವನು ಏನೋ ಅಂದ್ನಲ್ಲ, ಅದು" ಎಂದು ಗುಂಡಿ ಎಸೆದು ದಾಳ ಉರುಳಿಸತೊಡಗಿದರು. ಹಳೆ ಪ್ಯಾಂಟಿನ ಮಂಡಿಯಂತೆ ಕಟ್ಟಳೆ ಸವೆಯಿತು.

"ಅಲ್ಲಿ ಎಲ್ಲರೂ ಹೊಡೀತಾರೆ, ಬಡೀತಾರೆ. ನೀವೇನು ಮಾಡ್ತೀರಿ?" ಎಂದು ಹೆಂಡತಿ ಒಮ್ಮೆ ಕೇಳಿದ್ದಳು.

"ಹುರಿದುಂಬಿಸ್ತೀನಿ."

"ಅದನ್ನ ಇಲ್ಲೇ ಮಾಡಬಹುದಲ್ಲ. ನಾನೂ ಪಾತ್ರೆ ತೊಳೀತಿರ್ತೀನಿ."

ದೂರು ಹುಟ್ಟಿದ ಭಾನುವಾರ ಭಾವ ತೋಳಗಳ ದೊರೆಯನ್ನು ಕೊಂದಿದ್ದರು. ಕೊನೆಯ ಏಟಿಗೆ ಬಿದ್ದದ್ದು ಹನ್ನೊಂದು, ಬೇಕಿದ್ದದ್ದು ಹದಿನಾಲ್ಕು, ಮಿಕ್ಕ ಮೂರು ಗುಂಡಿಯ ಪುಣ್ಯ. ಆದರೆ ಟೀ ಬರುವ ಹೊತ್ತಿಗೆ ಆ ಮೂರು ಕಥೆಯಿಂದ ಜಾರಿಹೋಗಿ, ಭಾವನ ರಟ್ಟೆಯೊಂದೇ ಉಳಿದಿತ್ತು. ಕುರ್ಚಿಯಿಂದೆದ್ದು ಗೋಡೆಯ ಮೇಲಿನ ಹಲ್ಲಿನ ಚಿತ್ರಪಟಕ್ಕೆ ಮೊಣಕೈ ತಾಗುವಂತೆ ಆ ಏಟನ್ನು ಎರಡು ಸಲ ಬೀಸಿ ತೋರಿಸಿದ ಮೇಲೆ ಅವರು ಗಂಭೀರರಾದರು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಲ್ಲಿ ಇಬ್ಬರು ಕೆಲಸ ಮಾಡ್ತೀವಿ, ಒಬ್ಬ ಹೊಗಳ್ತಾನೆ. ಮುಂದಿನ ವಾರ ರಾಕ್ಷಸನ ಹೆಬ್ಬಾಗಿಲು. ಅಲ್ಲಿ ಹೊಗಳುಭಟ ಇಟ್ಕೊಂಡು ಏನು ಮಾಡೋದು? ನಮಗೊಬ್ಬ ಬಿಲ್ಲುಗಾರ ಬೇಕು. ಹಾಡುಗಾರನಿಗೆ ನಿವೃತ್ತಿ ಕೊಡೋಣ. ಗೌರವದಿಂದಲೇ ಕೊಡೋಣ."

ಔಷಧಿ ಅಂಗಡಿಯ ಗೆಳೆಯ ಟೀ ಲೋಟದೊಳಗೆ ಏನೋ ಹುಡುಕತೊಡಗಿದ. ಡಾಕ್ಟ್ರಮ್ಮ ದರ್ಜಿಯ ಮುಖ ನೋಡಿದರು. ನಿವೃತ್ತವಾದ ಪಾತ್ರದ ಗುಣ, ಶಕ್ತಿಗಳನ್ನು ಬರೆದಿಟ್ಟ ಕಾಗದ ಹರಿದು ಬುಟ್ಟಿಗೆ ಹಾಕಬೇಕು, ಅದು ಮತ್ತೆ ಬರುವ ಹಾಗಿಲ್ಲ ಎನ್ನುವುದು ಆಟದ ನಿಯಮ. ಒಂಬತ್ತು ವರ್ಷದ ಹಾಡುಗಾರ ಆ ಬುಟ್ಟಿಯ ಅಂಚಿನಲ್ಲಿ ನಿಂತಿದ್ದ.

"ಏನಂತೀರಿ?" ಎಂದರು ಡಾಕ್ಟ್ರಮ್ಮ.

ಮೂವತ್ತೊಂದು ವರ್ಷದಲ್ಲಿ ಒಬ್ಬ ಗಿರಾಕಿಗೂ ಅಂಗಿ ಒಪ್ಪುವುದಿಲ್ಲ ಎಂದು ಹೇಳದ ನಾಲಿಗೆ ಅದು. "ಆಗಲಿ ಭಾವ," ಎಂದಿತು.

"ಒಂದು ವಾರ ಬಿಲ್ಲು ಹಿಡಿದು ನೋಡಲಿ. ಹರಿಯೋದು ಆಮೇಲೆ," ಎಂದು ಡಾಕ್ಟ್ರಮ್ಮ ಹಾಡುಗಾರನ ಕಾಗದವನ್ನು ಹಲ್ಲು ಕೀಳುವ ಇಕ್ಕಳಗಳ ಡ್ರಾಯರಿನಲ್ಲಿಟ್ಟು ಮುಚ್ಚಿದರು.

ಆ ವಾರ ಅಂಗಡಿಯಲ್ಲಿ ದರ್ಜಿ ಬಾಯಿ ಬಿಡಲಿಲ್ಲ. ಮಂಗಳವಾರ ಒಬ್ಬ ಗಿರಾಕಿ ಕನ್ನಡಿಯ ಮುಂದೆ ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ಮಾತಿಗಾಗಿ ಕಾದ. ದರ್ಜಿ ಟೇಪು ಸುತ್ತುತ್ತಾ ನಿಂತಿದ್ದ. "ಸೊಂಟ ಯಾಕೋ ಬಿಗಿ," ಎಂದು ಗಿರಾಕಿ ಪ್ಯಾಂಟು ಬಿಚ್ಚಿಟ್ಟು ಹೋದ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಭಾನುವಾರ ಬಂತು. ಡಾಕ್ಟ್ರಮ್ಮ ಟೀಪಾಯಿಯ ನಡುವೆ ಪ್ಲಾಸ್ಟರಿನ ದವಡೆಯ ಮಾದರಿಯೊಂದನ್ನು ಬಾಯಿ ತೆರೆದು ಇಟ್ಟರು. ಅದು ಹೆಬ್ಬಾಗಿಲು. ಬಾಗಿಲ ಮುಂದೆ ಮೂರಾಳೆತ್ತರದ ರಾಕ್ಷಸ. ಭಾವ ತಾವೇ ಬರೆದು ತಂದ ಬಿಲ್ಲುಗಾರನ ಕಾಗದವನ್ನು ದರ್ಜಿಯ ಮುಂದಿಟ್ಟು, "ಕಣ್ಣಿಗೆ ಹೊಡಿಯಯ್ಯಾ," ಎಂದು ಅಪ್ಪಣೆ ಕೊಟ್ಟರು.

ದರ್ಜಿ ದಾಳ ಉರುಳಿಸಿದ. ಮೂರು.

"ಬಾಣ ಪಕ್ಕದ ಮರಕ್ಕೆ ನಾಟಿತು," ಎಂದರು ಡಾಕ್ಟ್ರಮ್ಮ.

ಮತ್ತೆ ಉರುಳಿಸಿದ. ಎರಡು.

"ಅದೇ ಮರ."

"ಆ ಮರ ಏನು ಮಾಡಿತ್ತಪ್ಪಾ ನಿಂಗೆ," ಎಂದ ಮಂತ್ರವಾದಿ.

ಭಾವ ನಕ್ಕು ತಮ್ಮ ದಾಳ ಎತ್ತಿಕೊಂಡರು. ಹದಿನೈದು ಬೇಕಿತ್ತು. ಹದಿಮೂರು ಬಿತ್ತು. ಮುಂದಿನ ಸಲ ಹದಿನಾಲ್ಕು. ಅದರ ಮುಂದಿನ ಸಲ ಹನ್ನೆರಡು. ಪ್ರತಿ ಸಲವೂ ಅವರ ಬಲಗೈ ಹೆಬ್ಬೆರಳು ತಾನಾಗಿ ಅಂಗಿಯ ಜೇಬಿಗೆ ಹೋಗಿ, ಅಲ್ಲಿ ಏನೂ ಸಿಗದೆ ಹೊರಬರುತ್ತಿತ್ತು. ಒಂಬತ್ತು ವರ್ಷ ಅಲ್ಲಿ ಒಂದು ಗುಂಡಿ ಇರುತ್ತಿತ್ತು. ಇದನ್ನು ಭಾವ ಗಮನಿಸಲಿಲ್ಲ, ದರ್ಜಿ ಗಮನಿಸಿದ. ಭಾವ ದಾಳ ಬದಲಿಸಿದರು. ಫ್ಯಾನ್ ಆರಿಸಿದರು. ಟೀಪಾಯಿ ಓರೆಯಾಗಿದೆ ಎಂದು ಅದರ ಕಾಲ ಕೆಳಗೆ ಮಡಚಿದ ಕಾಗದ ಇಟ್ಟರು. ಬಿಲ್ಲುಗಾರನ ನೆರಳು ಬೀಳುತ್ತಿದೆ ಎಂದು ದರ್ಜಿಯನ್ನು ಕಿಟಕಿಯ ಹತ್ತಿರ ಕೂರಿಸಿದರು.

ಅರ್ಧ ಗಂಟೆಯಲ್ಲಿ ಮಂತ್ರವಾದಿಯ ಮಂತ್ರಗಳೆಲ್ಲ ಖಾಲಿ. ಖಡ್ಗಧಾರಿಯ ಮೈಯಲ್ಲಿ ಉಳಿದದ್ದು ಒಂದೇ ಏಟಿನ ಶಕ್ತಿ. "ಇದು ತಪ್ಪಿದರೆ ರಾಕ್ಷಸ ಕಾಲೆತ್ತಿ ಇಡ್ತಾನೆ. ಖಡ್ಗಧಾರಿ ಮತ್ತೆ ಏಳಲ್ಲ," ಎಂದರು ಡಾಕ್ಟ್ರಮ್ಮ, ಹಲ್ಲು ಕೀಳಬೇಕೆಂದು ರೋಗಿಗೆ ತಿಳಿಸುವ ಅದೇ ಮೃದುವಾದ ದನಿಯಲ್ಲಿ.

ಭಾವ ಉರುಳಿಸಿದರು. ಹದಿಮೂರು.

"ಎರಡು ಕಡಿಮೆ. ಇನ್ನೇನಾದರೂ ಇದೆಯಾ?"

ಭಾವ ಜೇಬು ತಡಕಿದರು. ಒಂದು ಬಸ್ ಟಿಕೇಟು ಸಿಕ್ಕಿತು.

ಕಿಟಕಿಯ ಹತ್ತಿರ ಕೂತ ದರ್ಜಿಗೆ ಆಗ ಒಂದು ವಿಷಯ ಸ್ಪಷ್ಟವಾಗಿ ಕಂಡಿತು. ತಾನು ಸುಮ್ಮನೆ ಕೂತರೆ ಸಾಕು. ರಾಕ್ಷಸ ಕಾಲಿಡುತ್ತಾನೆ, ಹೊಗಳುಭಟನ ಬೆಲೆ ಎಲ್ಲರಿಗೂ ತಿಳಿಯುತ್ತದೆ, ಒಂದು ಮಾತೂ ಆಡಬೇಕಿಲ್ಲ. ಈ ಯೋಚನೆ ಬಹಳ ಹಿತವಾಗಿತ್ತು. ಅವನು ಅದನ್ನು ಒಂದೆರಡು ಗಳಿಗೆ ಬಾಯಲ್ಲಿ ಚಪ್ಪರಿಸಿದ. ಅಷ್ಟರಲ್ಲಿ ಭಾವನ ಕಿವಿ ಕೆಂಪಗಾಗುತ್ತಿರುವುದು ಕಂಡಿತು. ಕಿವಿಯ ಕೆಳಗೆ ಕಾಲರ್ ಕಂಡಿತು. ಕಾಲರ್ ತಾನೇ ಹೊಲಿದದ್ದು.

"ಭಾವ, ಅಂಗಿ ಅಂಚು ಮಗುಚಿ ನೋಡಿ. ಒಳಗಡೆ, ಎಡಕ್ಕೆ."

ಭಾವ ಮಗುಚಿದರು. ಹೊಲಿಗೆಯ ಒಳಮೈಗೆ ಒಂದು ಬಿಳಿ ಗುಂಡಿ ಅಂಟಿಕೊಂಡಿತ್ತು. "ಇದೇನಯ್ಯಾ ಇದು?"

"ಎಕ್ಸ್‌ಟ್ರಾ ಗುಂಡಿ. ಯಾವುದಾದರೂ ಬಿದ್ದುಹೋದರೆ ಇರಲಿ ಅಂತ ಎಲ್ಲ ಅಂಗಿಗೂ ಹಾಕ್ತೀನಿ. ಇದು ಮೂರು ವರ್ಷದಿಂದ ನಿಮ್ಮ ಹತ್ತಿರಾನೇ ಇದೆ."

"ಅವನೀಗ ಬಿಲ್ಲುಗಾರ ಅಲ್ವಾ, ಇದು ನಡೆಯುತ್ತಾ?" ಎಂದು ಭಾವನೇ ಕೇಳಿದ್ದು ವಿಶೇಷ. ಗೆಲ್ಲುವುದಾದರೆ ನಿಯಮದ ಪ್ರಕಾರವೇ ಗೆಲ್ಲಬೇಕು ಎಂಬ ಹಟ ಅವರಿಗಿತ್ತು.

"ಕೊಟ್ಟಾಗ ಹಾಡುಗಾರನಾಗಿದ್ದ," ಎಂದ ಔಷಧಿ ಅಂಗಡಿಯ ಗೆಳೆಯ. "ಬಳಸಿಲ್ಲ, ಸೀಲು ಒಡೆದಿಲ್ಲ, ಅವಧಿ ಎಲ್ಲೂ ಬರೆದಿಲ್ಲ. ನಾನಾದರೆ ಕೊಟ್ಟುಬಿಡ್ತೀನಿ."

ಡಾಕ್ಟ್ರಮ್ಮ ಗುಂಡಿಯನ್ನು ಬಗ್ಗಿ ನೋಡಿದರು. "ನಡೆಯುತ್ತೆ. ಆದರೆ ಕಟ್ಟಳೆ ಇದೆ. ಈ ಗುಂಡಿ ಕೊಟ್ಟಾಗ ಅವರು ಏನು ಹೇಳಿದ್ದರು?"

"ಅದೇ, ಏನೋ ಹೇಳಿದ್ದ."

"ಏನೋ ಅನ್ನೋದು ಸಾಲದು."

ಭಾವ ಅಂಗಿಯ ಅಂಚು ಹಿಡಿದುಕೊಂಡೇ ಕೂತರು. ಮೂರು ವರ್ಷದ ಹಿಂದೆ ಪಂಪ್‌ಹೌಸಿನ ದೊಡ್ಡ ಮೋಟಾರು ಸುಟ್ಟು, ಅರ್ಧ ಊರಿಗೆ ಎರಡು ದಿನ ನೀರಿರಲಿಲ್ಲ. ವಿಚಾರಣೆಗೆ ಮೇಲಧಿಕಾರಿಗಳ ಮುಂದೆ ನಿಲ್ಲಬೇಕಾದ ಬೆಳಿಗ್ಗೆ ಅವರು ಇದೇ ಅಂಗಿ ತೊಡಲು ದರ್ಜಿಯ ಅಂಗಡಿಗೆ ಬಂದಿದ್ದರು. ಕನ್ನಡಿಯ ಮುಂದೆ ಕತ್ತಿನ ಗುಂಡಿ ಅವರ ಬೆರಳಿಗೆ ಎಷ್ಟು ಸಲ ತಪ್ಪಿಸಿಕೊಂಡಿತೆಂದರೆ ಕೊನೆಗೆ ಅದನ್ನು ದರ್ಜಿಯೇ ಹಾಕಿದ್ದ. ಈ ಸಂಗತಿ ಅವರಿಬ್ಬರಿಗೆ ಮತ್ತು ಕನ್ನಡಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಭಾವ ಕೆಮ್ಮಿದರು. ಹೆಬ್ಬಾಗಿಲಿನ ಹಲ್ಲುಗಳನ್ನು ನೋಡುತ್ತ ಹೇಳಿದರು: "ಸುಟ್ಟಿದ್ದು ಮೋಟಾರು ಭಾವ, ನೀವಲ್ಲ. ಕಾಲರ್ ನೆಟ್ಟಗಿದೆ, ಹೋಗಿ ಬನ್ನಿ. ಹೀಗಂದ."

ಒಂದಕ್ಷರವೂ ತಪ್ಪಿರಲಿಲ್ಲ. ದರ್ಜಿ ಕಿಟಕಿಯಾಚೆ ನೋಡಿದ. ಏನೋ ಹೇಳಿದ್ದ, ಏನೋ ಹೇಳಿದ್ದ ಎಂದು ಇಷ್ಟು ವರ್ಷ ತೇಲಿಸಿದ ಮನುಷ್ಯ ಇದನ್ನು ಎಲ್ಲೋ ಒಳಗೆ ಹೊಲಿದಿಟ್ಟುಕೊಂಡಿದ್ದ.

ಡಾಕ್ಟ್ರಮ್ಮ ಪುಟಾಣಿ ದಾಳವನ್ನು ಭಾವನ ಕಡೆ ಸರಿಸಿದರು. ಅದು ಉರುಳಿ ನಿಂತಿತು. ಎರಡು.

ಡಾಕ್ಟ್ರಮ್ಮ ಪ್ಲಾಸ್ಟರಿನ ದವಡೆಯನ್ನು ಟಪ್ಪೆಂದು ಮುಚ್ಚಿದರು. ರಾಕ್ಷಸ ಬಿದ್ದ.

ಭಾವ ಚೇತರಿಸಿಕೊಳ್ಳಲು ಒಂದು ನಿಮಿಷ ಬೇಕಾಯಿತು, ಹೆಚ್ಚೆಂದರೆ ಒಂದೂಕಾಲು. ಆಮೇಲೆ ಎದ್ದು ನಿಂತು, "ಕೊನೇ ಏಟು ನೋಡಿದ್ರಲ್ಲ, ಮಣಿಕಟ್ಟು ಹೀಗೆ ತಿರುಗಿಸಿದೆ," ಎಂದು ಬೀಸಿ ತೋರಿಸಿದರು. ಹಲ್ಲಿನ ಚಿತ್ರಪಟ ಮೊಳೆಯಿಂದ ಕಳಚಿ ಕೆಳಗೆ ಬಿತ್ತು.

ಅದನ್ನು ಎತ್ತಿ ಗೋಡೆಗಾನಿಸಿ ಡಾಕ್ಟ್ರಮ್ಮ ಡ್ರಾಯರ್ ಎಳೆದರು, ಹಾಡುಗಾರನ ಕಾಗದ ಹೊರತೆಗೆದರು. "ಇದನ್ನ ಹರೀಬೇಕಾ?"

ಭಾವ ಆರಿದ ಫ್ಯಾನನ್ನೇ ಪರೀಕ್ಷಿಸಿದರು. "ಬಿಲ್ಲು ಕೊಟ್ಟರೆ ಮರಕ್ಕೆ ಹೊಡೀತಾನೆ. ಅದಕ್ಕಿಂತ ಹೊಗಳೋದೇ ವಾಸಿ. ಜಾಸ್ತಿ ಬೇಡ, ನಂಗದು ಹಿಡಿಸಲ್ಲ." ಹೀಗೆಂದು ಬಿಲ್ಲುಗಾರನ ಕಾಗದವನ್ನು ತಾವೇ ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು.

ಬುಧವಾರ ಮಧ್ಯಾಹ್ನ ಅಕ್ಕ ಒಂದು ಚೀಲ ಹಿಡಿದು ಅಂಗಡಿಗೆ ಬಂದಳು. ಚೀಲದಲ್ಲಿ ಭಾವನ ಐದು ಅಂಗಿ.

"ಎಲ್ಲದಕ್ಕೂ ಒಳಗಡೆ ಇನ್ನೂ ಒಂದೊಂದು ಗುಂಡಿ ಹಾಕಬೇಕಂತೆ. ಯಾಕೆ ಅಂತ ಕೇಳಿದರೆ, ಯಾವಾಗಲೂ ಅನ್ನೋ ಹಾಗೆ, ಯಂತ್ರದ ವಿಷಯ ನಿಂಗೆ ತಿಳಿಯಲ್ಲ ಅಂದರು."

"ಹಾಕೋಣ ಬಿಡಕ್ಕ," ಎಂದ ದರ್ಜಿ ಸೂಜಿಗೆ ದಾರ ಪೋಣಿಸುತ್ತ.

"ಇನ್ನೂ ಇದೆ. ಹಾಕೋವಾಗ ನೀನು ಏನೋ ಹೇಳ್ತೀಯಂತಲ್ಲ. ಅದನ್ನ ನಾನು ಬರ್ಕೊಂಡು ಬರಬೇಕಂತೆ, ಒಂದೊಂದು ಅಂಗಿಗೂ ಬೇರೆ ಬೇರೆ." ಅಕ್ಕ ಸ್ಟೂಲಿನ ಮೇಲೆ ಕೂತು, ಬ್ಯಾಗಿನಿಂದ ಪೆನ್ನು ಮತ್ತು ಹಳೆ ಲಗ್ನಪತ್ರಿಕೆಯ ಕವರು ತೆಗೆದಳು.

ದರ್ಜಿ ಮೊದಲ ಅಂಗಿ ಎತ್ತಿ ಹಿಡಿದು, ಕನ್ನಡಿಯ ಮುಂದೆ ಭಾವ ನಿಂತಿದ್ದರೆ ಹೇಗೋ ಹಾಗೆ ಅದನ್ನು ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡ.

"ಸ್ವಲ್ಪ ನೋಡ್ಕೊಂಡು ಹೊಗಳಪ್ಪಾ," ಎಂದಳು ಅಕ್ಕ. "ನೀನು ಹೇಳಿಬಿಟ್ಟು ಆರಾಮಾಗಿ ಇಲ್ಲಿರ್ತೀಯ. ಅವರ ಜೊತೆ ಮನೇಲಿ ಇರೋಳು ನಾನು."