ಸುಣ್ಣದೊಳಗಿನ ಅಜ್ಜಿಯ ಮುಖ

ಚಿತ್ರವನ್ನು ಸುಣ್ಣ ತಿಂದಿರಲಿಲ್ಲ. ನಾನೇ ಕೆಡವಿದೆ. ಗೋಡೆಯ ಮೇಲಿದ್ದ ಆ ಮುಖ ನನ್ನ ಕೈಯಿಂದಲೇ ಹೋಯಿತು. ಅದನ್ನು ಮುಚ್ಚಿಕೊಳ್ಳಲು ಎದುರಿಗೆ ನಿಂತಿದ್ದ ಮುದುಕಿಯ ತಲೆಗೆ ತಪ್ಪನ್ನು ಕಟ್ಟಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆಂದು ಇಟ್ಟುಕೊಂಡರೆ ಅಷ್ಟರೊಳಗೆ ಏನಾದರೊಂದು ನೆಪ ಹುಡುಕಿಕೊಂಡೇನು— ನನ್ನನ್ನು ನಾನು ಬಲ್ಲೆ.

ಹಳೆಯ ಕಟ್ಟಡಗಳ ಗಾರೆಯನ್ನೂ ಬಣ್ಣವನ್ನೂ ಉಳಿಸುವುದು ನನ್ನ ಕೆಲಸ. ಗುಡಿ, ಛತ್ರ, ಮಠ, ತೊಟ್ಟಿಮನೆ— ಎಲ್ಲಿ ಗಾರೆಯ ಗಿಳಿ ಕೊಕ್ಕು ಮುರಿದುಕೊಂಡು ಕೂತಿದೆಯೋ, ಎಲ್ಲಿ ಬಿಳಿ ಗೋಡೆಯ ಅಡಿಯಲ್ಲಿ ಚಿತ್ರವಿದೆ ಎಂಬ ಗುಮಾನಿಯೋ, ಅಲ್ಲಿಗೆ ನನ್ನನ್ನು ಕರೆಯುತ್ತಾರೆ. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ವಿನಯಕ್ಕೆಂದು ‘ಏನೋ ಅಲ್ಪಸ್ವಲ್ಪ’ ಎನ್ನುವ ಅಭ್ಯಾಸ ನನಗಿಲ್ಲ. ರಾಮನಗರದ ನಮ್ಮ ಮನೆಯಲ್ಲಿ ಅಮ್ಮ ರೇಷ್ಮೆ ನೂಲು ತೆಗೆಯುತ್ತಿದ್ದಳು. ಬಿಸಿನೀರಿಗೆ ಗೂಡು ಹಾಕಿ, ಎಳೆಯ ತುದಿ ತಾನಾಗಿ ಬಿಡುವವರೆಗೂ ಕಾಯುತ್ತಿದ್ದಳು. ನಾನು ಮಧ್ಯೆ ಕೈ ಹಾಕಿದರೆ ‘ಆತುರಗಾರನಿಗೆ ಬುದ್ಧಿ ಮಟ್ಟ ಕಣೇ’ ಎಂದು ತಲೆಗೆ ಮೊಟಕುತ್ತಿದ್ದಳು. ಆ ಕಾಯುವ ಗುಣ ನನ್ನ ಬೆರಳಿಗೂ ಬಂದಿದೆ. ಒಂದು ದಿನ ಮಾತ್ರ ಕೈಕೊಟ್ಟಿತು.

ಮರಳವಾಡಿ ಕಡೆಯ ಒಂದು ಊರಿನಲ್ಲಿ, ಒಂದು ಶೈವ ಮನೆತನಕ್ಕೆ ಸೇರಿದ ಗದ್ದಿಗೆಯಿದೆ. ಆ ಮನೆಯವರ ಹಿಂದಿನ ಗುರುವೊಬ್ಬರ ಸಮಾಧಿ, ಅದರ ಮೇಲೊಂದು ಪುಟ್ಟ ಮಂಟಪ. ಅದನ್ನು ಕಟ್ಟಿಸಿದವಳು ಆ ಮನೆಯದೇ ಒಬ್ಬ ಹೆಂಗಸಂತೆ. ಒಳಗೋಡೆಯ ಮೇಲೆ ಅವಳ ಚಿತ್ರವಿದೆ ಎಂದು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದರು. ಬದುಕಿದ್ದವರಲ್ಲಿ ಯಾರೂ ಕಂಡಿರಲಿಲ್ಲ. ಶಿವರಾತ್ರಿಗೆ ಮುಂಚೆ ಗದ್ದಿಗೆಗೆ ಸುಣ್ಣ ಬಳಿಯುವುದು ಅವರ ಪದ್ಧತಿ. ಕೂಲಿಯವರ ಕೈಲಲ್ಲ, ಮನೆಯ ಹಿರಿಸೊಸೆಯೇ ಕುಂಚ ಹಿಡಿಯಬೇಕು. ಹೀಗೆ ವರ್ಷಾವರ್ಷದ ಸುಣ್ಣ ಅವಳನ್ನು ಮುಚ್ಚಿತ್ತು. ‘ಸುಣ್ಣದೊಳಗಿನ ಅಜ್ಜಿ’ ಎಂದೇ ಹೆಸರು. ಮನೆಯ ಮಕ್ಕಳು ಪರೀಕ್ಷೆಗೆ ಹೋಗುವಾಗ ಆ ಬರೀ ಬಿಳಿ ಗೋಡೆಗೆ ಕೈಮುಗಿದು ಹೋಗುತ್ತಿದ್ದವು.

ನಾನು ಹೋದಾಗ ಹಿರಿಸೊಸೆಯಾಗಿದ್ದವರು ಪುಟ್ಟನಂಜಮ್ಮ. ತಲೆ ಹಣ್ಣಾಗಿತ್ತು. ಗಂಡ ತೀರಿಕೊಂಡಿದ್ದರು, ಯಜಮಾನಿಕೆ ಮೈದುನ ಗಂಗಾಧರಪ್ಪನವರ ಕೈಗೆ ಹೋಗಿತ್ತು. ಆ ದೊಡ್ಡ ಮನೆಯಲ್ಲಿ ಆಕೆಯದೇ ಎಂದು ಉಳಿದಿದ್ದದ್ದು ಸುಣ್ಣದ ಕುಂಚ ಒಂದೇ. ಮೊದಲ ದಿನವೇ ನನ್ನ ಪಕ್ಕ ಬಂದು ನಿಂತು, ಗೋಡೆಯ ಮೇಲೆ ಅಂಗೈಯಿಟ್ಟು ಹೇಳಿದರು: “ಮದ್ವೆಯಾಗಿ ಬಂದಾಗ್ನಿಂದ ಹೊದ್ಸಿ ಮಲಗ್ಸಿವ್ನಿ ಕಣವ್ವ. ಒಸಿ ನಿಧಾನ್ವಾಗಿ ಎಬ್ಬುಸು.”

ಎಷ್ಟು ಸರಿಯಾದ ಮಾತು ಅದು. ಆ ಗೋಡೆಯಲ್ಲಿ ಸುಣ್ಣ ಚಿತ್ರದ ವೈರಿಯಾಗಿರಲಿಲ್ಲ, ಕಾವಲಾಗಿತ್ತು. ಕೆಳಗಿನಿಂದ ಶುರುಮಾಡಿದೆ— ಒದ್ದೆ ಹತ್ತಿ ಒತ್ತಿ ನೆನೆಸಿ, ಸಣ್ಣ ಚಾಕುವಿನಿಂದ ಪದರ ಪದರವಾಗಿ ಬಿಡಿಸುತ್ತಾ. ಮೊದಲು ಕಾಲುಂಗುರ ಕಂಡಿತು. ಆಮೇಲೆ ಸೀರೆಯ ನಿರಿಗೆ, ನಿನ್ನೆ ಬಳಿದಂಥ ಕಾವಿ ಕೆಂಪು. ಆಮೇಲೆ ಹೂವಿನ ತಟ್ಟೆ ಹಿಡಿದ ಕೈ. ಊರವರು ಬಂದು ನೋಡಿ ಬೆರಗಾಗುತ್ತಿದ್ದರು, ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಕೊರಳಿನ ಹತ್ತಿರ ಬಂದಾಗ ಬೆರಳಿನಿಂದ ತಟ್ಟಿದೆ. ಪೊಳ್ಳು ಸದ್ದು. ಗಾರೆ ಗೋಡೆಯನ್ನು ಬಿಟ್ಟು ನಿಂತಿದೆ ಎಂದು ಅದರರ್ಥ. ಅಂಥ ಕಡೆ ಮೊದಲು ಹಿಂದಿನ ಪೊಳ್ಳಿನೊಳಕ್ಕೆ ತೆಳು ಗಾರೆ ಇಳಿಸಬೇಕು, ಅದು ಕಚ್ಚಿಕೊಳ್ಳುವವರೆಗೆ ಕೆಲವು ದಿನ ಸುಮ್ಮನಿರಬೇಕು. ಇದು ನನಗೆ ಗೊತ್ತಿಲ್ಲದ್ದೇ? ಬೇರೆಯವರಿಗೆ ಪಾಠ ಹೇಳುತ್ತಿದ್ದವಳೇ ನಾನು. ಆದರೆ ಅಷ್ಟರಲ್ಲಿ ಕಣ್ಣಿನ ಕೊನೆಯ ಕಪ್ಪು ಗೆರೆ ಕಂಡುಬಿಟ್ಟಿತ್ತು— ಮುಖವನ್ನು ಇವತ್ತೇ ನೋಡಬೇಕು ಎನ್ನಿಸಿತು. ಯಾರೂ ಅವಸರ ಮಾಡಿರಲಿಲ್ಲ. ಯಾವ ಗಡುವೂ ಇರಲಿಲ್ಲ. ನನ್ನ ಕೈ ತಪ್ಪುವುದಿಲ್ಲ ಎಂಬ ಸೊಕ್ಕು, ಅಷ್ಟೇ.

ಮುಖ ಬಂತು. ಪೂರ್ತಿ ಬಂತು. ಮಂಟಪದಲ್ಲಿ ನಾನೊಬ್ಬಳೇ ಇದ್ದೆ. ಕಣ್ತುಂಬ ನೋಡಿದೆ. ನೋಡಿ, ಫೋಟೋ ತೆಗೆಯೋಣವೆಂದು ಕ್ಯಾಮೆರಾ ಕಡೆ ತಿರುಗಿದೆ— ಹಿಂದೆ ಏನೋ ಜಾರಿದ ಸದ್ದಾಯಿತು. ಅಂಗೈಯಗಲದ ಗಾರೆ ಕೆಳಗೆ ಹಾಸಿದ್ದ ಟಾರ್ಪಾಲಿನ ಮೇಲೆ ಬಿದ್ದು ಪುಡಿಯಾಗಿತ್ತು. ಒಳಗೆಲ್ಲ ಮಣ್ಣಾಗಿದ್ದ ಗಾರೆ. ಜೋಡಿಸಲು ಒಂದು ಚೂರೂ ಸಿಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನೋಣವೆಂದರೆ, ಅದು ನನ್ನ ತುತ್ತೂ ಆಗಿರಲಿಲ್ಲ.

ಅಲ್ಲೇ ಕೂತು ಅಳಬಹುದಿತ್ತು. ಹೊರಗೆ ಹೋಗಿ ಕೂಗಿ ಹೇಳಬಹುದಿತ್ತು. ನಾನು ಪುಡಿಯನ್ನು ಗುಡಿಸಿ, ಕೆರೆದು ತೆಗೆದಿದ್ದ ಸುಣ್ಣದ ಹೆಕ್ಕಳಿಕೆಯ ಜೊತೆ ಬೆರೆಸಿದೆ. ಅಷ್ಟರಲ್ಲಿ ಪುಟ್ಟನಂಜಮ್ಮ ಮಜ್ಜಿಗೆ ಲೋಟ ಹಿಡಿದು ಬಂದರು.

“ಮುಖ ಸಿಕ್ತೇನವ್ವಾ?”

“ಇಲ್ಲಮ್ಮ. ಸುಣ್ಣ ತಿಂದುಬಿಟ್ಟಿದೆ.”

ಅವರು ಗೋಡೆಯನ್ನೇ ನೋಡುತ್ತಾ ನಿಂತರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು: “ನಾ ಬಳ್ದಿದ್ದಾ?”

ಆಗಲಾದರೂ— ಆಗಲಾದರೂ ತಿದ್ದಿಕೊಳ್ಳಬಹುದಿತ್ತು. ಇಲ್ಲಮ್ಮ, ಹಳೆಯ ಕಾಲದ ಸುಣ್ಣ ಎಂದು ಇನ್ನೊಂದು ಸುಳ್ಳನ್ನಾದರೂ ಹೇಳಬಹುದಿತ್ತು. ನಾನು ಹೂಂ ಎಂದೆ. ಅವರು ಲೋಟವನ್ನು ಕೆಳಗಿಟ್ಟು, ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡು, ಸೆರಗಿಗೆ ಒರೆಸಿಕೊಂಡು ಹೊರಟುಹೋದರು.

ಸಂಜೆಗೆ ಸುದ್ದಿ ಮನೆಯಲ್ಲೆಲ್ಲ ಹರಡಿತು. ನೆಂಟರೆದುರಿಗೇ ಗಂಗಾಧರಪ್ಪನವರು, ಮನೇಲಿದ್ದ ಅಜ್ಜೀನ ಅತ್ತಿಗೆ ಕೈಯಾರೆ ಅಳಿಸಿಹಾಕಿದರು ಎಂದರು. ನಾನು ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ— ಬರೆ ಬೀಳುವುದನ್ನು ಜ್ವರದ ಎತ್ತು ನೋಡುತ್ತಾ ಕೂತಿತ್ತು. ಮುಖದ ಜಾಗಕ್ಕೆ ಬಣ್ಣವಿಲ್ಲದ ಗಾರೆ ತುಂಬಿ ಹೊರಟುಬಂದೆ. ಇಲ್ಲದ್ದನ್ನು ಬರೆಯಬಾರದು ಎಂಬುದು ನಮ್ಮ ಕಸುಬಿನ ನಿಯಮ. ಅದನ್ನು ಚಾಚೂ ತಪ್ಪದೆ ಪಾಲಿಸಿದೆ, ನೋಡಿ! ಇದ್ದದ್ದನ್ನು ಹೇಳಬೇಕು ಎಂಬುದನ್ನು ಮಾತ್ರ ನುಂಗಿಕೊಂಡೆ. ಆಮೇಲಿನ ವರ್ಷಗಳಲ್ಲಿ ಎಷ್ಟೋ ಗೋಡೆಗಳನ್ನು ಉಳಿಸಿದ್ದೇನೆ, ಹೆಸರೂ ಬಂದಿದೆ. ಅದರಿಂದ ಇದೇನೂ ಸರಿಹೋಗುವುದಿಲ್ಲ.

ಈ ವರ್ಷ ಅವರೇ ಮತ್ತೆ ಕರೆದರು. ಚಿತ್ರ ಉದುರುತ್ತಿದೆ, ಬಂದು ನೋಡಿ ಎಂದರು. ಹೋದೆ. ಮಂಟಪದ ಹೊರಗೋಡೆಗೆಲ್ಲ ಒಳ್ಳೆಯ ಹೊಳಪಿನ ಪೇಂಟು ಹೊಡೆಸಿದ್ದರು. ಸುಣ್ಣ ತಿನ್ನುತ್ತದೆ ಎಂದು ನಾನು ಹೇಳಿದ್ದೆನಲ್ಲ— ಅದಕ್ಕೇ ಸುಣ್ಣದ ಗಡಿಗೆಯನ್ನೇ ಮನೆಯಿಂದ ಆಚೆಗೆ ಹಾಕಿದ್ದರು. ಹಳೆಯ ಗೋಡೆಯೊಳಗಿನ ತೇವ ಸುಣ್ಣದ ಮೂಲಕ ಆರಿಹೋಗುತ್ತದೆ; ಪೇಂಟು ಬಿಡುವುದಿಲ್ಲ. ಹೊರಗೆ ದಾರಿಯಿಲ್ಲದ ತೇವ ಒಳಕ್ಕೆ ತಿರುಗಿ, ಗಾರೆಯಲ್ಲಿನ ಉಪ್ಪು ಉಬ್ಬಿ, ಅಜ್ಜಿಯ ಸೀರೆಯ ಕೆಂಪು ಹಿಟ್ಟಾಗಿ ಉದುರುತ್ತಿತ್ತು. ನನ್ನ ಒಂದು ಸುಳ್ಳು ಮುಖದ ನಂತರ ಮೈಯನ್ನೂ ತಿನ್ನತೊಡಗಿತ್ತು.

ಪುಟ್ಟನಂಜಮ್ಮ ಮಂಟಪದ ಹೊಸ್ತಿಲಾಚೆಯೇ ನಿಂತು ಕೈಮುಗಿದು ಹೋದರು. ಯಾಕೆಂದು ಅವರ ಸೊಸೆಯನ್ನು ಕೇಳಿದೆ. ಅತ್ತೆಮ್ಮ ಅವತ್ತಿನಿಂದ ಒಳಗೆ ಕಾಲಿಟ್ಟಿಲ್ಲ, ನನಗೆ ಆ ಅರ್ಹತೆ ಇಲ್ಲ ಅಂತಾರೆ ಎಂದಳು.

ಪೇಂಟನ್ನೆಲ್ಲ ಕಿತ್ತು ಮೊದಲಿನಂತೆ ಸುಣ್ಣ ಬಳಿಯಬೇಕೆಂದು ಗಂಗಾಧರಪ್ಪನವರಿಗೆ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. “ತಿನ್ನೋ ಸುಣ್ಣನ ಮತ್ಯಾಕೆ ಬಳೀಬೇಕು?” ಎಂದರು. ಕುಂಬಳಕಾಯಿ ಕಳ್ಳ ಎಂದಂತಾಯಿತು, ನನ್ನ ಕೈ ಹೆಗಲಿಗೆ ಹೋಯಿತು. ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು— ಆ ಸುಣ್ಣ ಬೇರೆ, ಈ ಸುಣ್ಣ ಬೇರೆ ಎಂದರೆ ಸಾಕು, ನಂಬುತ್ತಿದ್ದರು. ನನ್ನ ಮಾತನ್ನು ಎಲ್ಲರೂ ನಂಬುತ್ತಾರೆ, ಅದೇ ಕಷ್ಟ. ಎಲ್ಲರೂ ಸೇರಿದಾಗ ಹೇಳುತ್ತೇನೆ ಎಂದು ಎದ್ದುಹೋದೆ.

ಪುಟ್ಟನಂಜಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಎದುರಿಗೆ ಕೂತು ಹೇಳಿದೆ. ಪೊಳ್ಳು ಸದ್ದು ಕೇಳಿದ್ದು, ಕಾಯದೇ ಹೋದದ್ದು, ಮುಖ ಬಂದದ್ದು, ಬಿದ್ದದ್ದು, ಪುಡಿಯನ್ನು ಬೆರೆಸಿದ್ದು, ಹೂಂ ಎಂದದ್ದು— ಒಂದನ್ನೂ ಬಿಡಲಿಲ್ಲ. ಅವರ ಕೈ ನಿಲ್ಲಲಿಲ್ಲ. ನಾನು ಮುಗಿಸಿದ ಮೇಲೆ ಕೇಳಿದರು:

“ಹೆಂಗಿದ್ಲು?”

ಹೇಳಿದೆ. ದುಂಡು ಮುಖ, ಎಡ ಮೂಗಿಗೆ ದೊಡ್ಡ ಮೂಗುಬೊಟ್ಟು, ಹಣೆಯಲ್ಲಿ ವಿಭೂತಿ. ಕಣ್ಣು ಗದ್ದಿಗೆಯ ಕಡೆಗಿರಲಿಲ್ಲ. ಬಾಗಿಲಿನಿಂದ ಬರುವವರನ್ನೇ ನೋಡುತ್ತಿದ್ದಳು. ಯಾಕೆ ತಡ ಎಂದು ಗದರುವ ಹಾಗಿತ್ತು ಬಾಯಿ. ಪುಟ್ಟನಂಜಮ್ಮ ಕಣ್ಣುಮುಚ್ಚಿ ಕೇಳಿದರು.

“ನೀ ಒಬ್ಳೇ ನೋಡ್ಬುಟ್ಟಲ್ಲವ್ವಾ,” ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೆನಪಿನಿಂದ ಆ ಮುಖವನ್ನು ಮತ್ತೆ ಬರೆದುಕೊಡಬಲ್ಲೆ, ಅಷ್ಟು ಕೈಚಳಕ ನನಗಿದೆ. ಬರೆಯುವುದಿಲ್ಲ. ಅದು ಅಜ್ಜಿಯಾಗುವುದಿಲ್ಲ, ನನ್ನ ಇನ್ನೊಂದು ಸುಳ್ಳಾಗುತ್ತದೆ. ಕ್ಷಮೆಯನ್ನೂ ಕೇಳಲಿಲ್ಲ, ಕೇಳಿದರೆ ಕೊಡುವ ಭಾರವೂ ಅವರ ಮೇಲೆಯೇ ಬೀಳುತ್ತಿತ್ತು.

ಬರುವ ಸೋಮವಾರ ಮನೆಯವರೆಲ್ಲ ಗದ್ದಿಗೆಯ ಮುಂದೆ ಸೇರುತ್ತಾರೆ. ಅವತ್ತು ಏನು ಹೇಳುತ್ತೇನೆಂಬುದನ್ನು ಪುಟ್ಟನಂಜಮ್ಮನವರಿಗೆ ಮೊದಲೇ ಒಪ್ಪಿಸಿದೆ: ಸುಣ್ಣದಿಂದಲೇ ಅಜ್ಜಿ ಇಷ್ಟು ಕಾಲ ಉಳಿದಿದ್ದಳು, ನನ್ನ ಕೈಯಿಂದ ಹೋದಳು. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಒಂದು ಕಡೆ ತಿದ್ದಿದರು.

“ಬರೀ ಸುಣ್ಣ ಅನ್ಬ್ಯಾಡ. ಪುಟ್ನಂಜಿ ಬಳ್ದ ಸುಣ್ಣ ಅನ್ನು.”

ಹಾಗೆಯೇ ಹೇಳುತ್ತೇನೆ.