ಕೆಂಪು ಮೆತ್ತಿದ ತೊಗರಿ

ಶಹಾಪುರದ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನ್ನ ಮೂಗು ಬಹಳ ಚುರುಕಾಯಿತು. ಮುಗ್ಗಿದ ಅಕ್ಕಿ ಯಾವುದು, ಇಲಿ ಮುಟ್ಟಿದ ಜೋಳ ಯಾವುದು ಎಂದು ಚೀಲದ ಬಾಯಿ ಬಿಚ್ಚುವ ಮೊದಲೇ ಹೇಳುತ್ತಿದ್ದೆ. ರೈತರು, ಮಂಡಿಯ ಅಡತಿ ವ್ಯಾಪಾರಿಗಳು ದಾನ ಕೊಟ್ಟ ಕಾಳುಕಡಿ ಅಲ್ಲಿಗೆ ಬರುತ್ತದೆ. ನಾವು ಕೆಲವು ಹೆಂಗಸರು ಅದನ್ನು ಹಸನು ಮಾಡಿ, ಇಲ್ಲದವರ ಮನೆಗಳಿಗೆ, ಹಾಸ್ಟೆಲುಗಳಿಗೆ ಕಳಿಸುತ್ತೇವೆ. ಉಣ್ಣುವವರಿಗೆ ನಾವು ಯಾರೋ ಏನೋ. ಬಾಯಿಗೆ ಕಲ್ಲು ಸಿಕ್ಕಾಗ ಮಾತ್ರ ನಮ್ಮನ್ನು ನೆನೆಯುತ್ತಾರೆ.

ಆ ಮಧ್ಯಾಹ್ನ ಬಾಗಿಲ ಹತ್ತಿರ ಚೆಲ್ಲಿದ್ದ ತೊಗರಿಯನ್ನು ಕೈಯಿಂದ ಬಳಿದು ಎತ್ತುತ್ತಿದ್ದೆ. ಅಂಗೈ ಕೆಂಪಾಯಿತು. ಕಾಳಿಗೆಲ್ಲ ಕೆಂಪು ಪುಡಿ ಮೆತ್ತಿತ್ತು. ಗುರುಮಠಕಲ್ ಕಡೆಯ ನನ್ನ ತವರಿನಲ್ಲಿ, ಔಷಧ ಹಚ್ಚಿದ ಬಿತ್ತನೆ ಬೀಜ ತಿಂದು ನಮ್ಮ ಆಡು ಹಿತ್ತಲಲ್ಲೇ ಸತ್ತುಬಿದ್ದಿತ್ತು. ಆ ಬೀಜವೂ ಹೀಗೇ ಕೆಂಪಗಿತ್ತು.

"ಈ ತೊಗರಿ ಚೀಲ ಎಲ್ಲಿ?" ಎಂದು ಹಮಾಲನನ್ನು ಕೇಳಿದೆ.

"ಮುಂಜಾನಿನೇ ಹೋಗ್ಯಾದ್ರಿ ಅಕ್ಕೋರ. ಬಂಡಿಯಿಂದ ಇಳಿಸಿ ಸೀದಾ ಟೆಂಪೋಕ್ಕ ಹಾಕೀವಿ. ಶಿರವಾಳ ಹಾಸ್ಟೆಲಿನವರು ಗುಗ್ಗರಿಗಿ ಬೇಕಂತ ಟೆಂಪೋದವನ ಕೈಲೆ ಹೇಳಿ ಕಳಿಸಿದ್ರು."

ಆ ಹಾಸ್ಟೆಲಿನಲ್ಲಿ ಅಡುಗೆ ಮಾಡುವವಳು ನನ್ನ ಅಕ್ಕ. ಅವಳದೊಂದು ರೂಢಿ ಇದೆ: ಒಲೆಯಿಂದ ಇಳಿಸಿದ್ದನ್ನು ಮೊದಲು ತಾನು ಉಂಡು, ಸ್ವಲ್ಪ ಹೊತ್ತು ಕಾದು, ಆಮೇಲೆ ಹುಡುಗಿಯರಿಗೆ ಬಡಿಸುತ್ತಾಳೆ. ಫೋನ್ ಹಚ್ಚಿದೆ, ಎತ್ತಲಿಲ್ಲ. ಒಲೆ ಉರಿಯುವಾಗ ಅವಳ ಫೋನ್ ಟ್ರಂಕಿನಲ್ಲಿರುತ್ತದೆ. ಹಾಸ್ಟೆಲಿನ ಬೇರೆಯವರ ನಂಬರ್ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಸಿಕ್ಕ ಆಟೋ ಹತ್ತಿದೆ. ದಾರಿಯುದ್ದಕ್ಕೂ ದೇವರನ್ನು ಬೇಡಿಕೊಳ್ಳಬೇಕಿತ್ತು. ನಾನು ಅಕ್ಕನನ್ನು ಬೈಯುತ್ತ ಕುಳಿತೆ. ಎಲ್ಲರಿಗಿಂತ ಮೊದಲು ಉಣ್ಣುವ ಚಟ ಯಾಕೆ ನಿನಗೆ, ಊರಿಗೆಲ್ಲ ನೀನೊಬ್ಬಳೇ ತಾಯಿಯೇನು ಎಂದು. ಬೈಯುವುದು ನಿಂತರೆ ಅಳು ಬರುತ್ತದೆಂದು ಗೊತ್ತಿತ್ತು.

ಅಕ್ಕ ಅಡುಗೆಮನೆಯ ಹೊಸ್ತಿಲ ಒಳಗೆ ಕುಳಿತಿದ್ದಳು. ತೊಡೆಯ ಮೇಲೆ ತಾಟು, ತಾಟಿನಲ್ಲಿ ಗುಗ್ಗರಿ, ತುತ್ತು ಬಾಯಿಯ ಹತ್ತಿರ. ಓಡಿಹೋಗಿ ಕೈಗೆ ಹೊಡೆದೆ. ತಾಟು ಅಂಗಳದವರೆಗೂ ಉರುಳಿಹೋಯಿತು.

"ತಲಿ ಕೆಟ್ಟಾದೇನ ನಿಂದು?" ಎಂದು ಅಕ್ಕ ಎದ್ದು ನಿಂತಳು.

"ವಿಷ ಅದ ಅದರಾಗ! ಬಿತ್ತೋ ಬೀಜ ಅದು! ಎಷ್ಟು ತಿಂದಿ ಹೇಳು!"

ಅಕ್ಕ ನನ್ನ ಕೆಂಪು ಅಂಗೈ ನೋಡಿದಳು. ಆಮೇಲೆ ನನ್ನ ಕಾಲ ಕೆಳಗೆ ನೋಡಿದಳು. ನಾನು ನಿಂತಿದ್ದ ಹೊಸ್ತಿಲನ್ನು ಅದೇ ಕೆಂಪಿನಲ್ಲಿ ಸಾರಿಸಲಾಗಿತ್ತು, ಇನ್ನೂ ಪೂರ್ತಿ ಆರಿರಲಿಲ್ಲ. ಅದರ ಮೇಲೆ ಎಳೆದಿದ್ದ ರಂಗೋಲಿಯನ್ನು ನನ್ನ ಚಪ್ಪಲಿ ಅಳಿಸಿಬಿಟ್ಟಿತ್ತು.

"ಕೆಮ್ಮಣ್ಣ ಅದು, ಹುಚ್ಚಿ. ಹುಳ ಹತ್ತಬಾರದಂತ ಈ ಕಡಿ ಮಂದಿ ತೊಗರಿಗಿ ಹಚ್ಚಿಡ್ತಾರ. ನಮ್ಮವ್ವ ಬೂದಿ ಹಚ್ಚತಿದ್ದಿಲ್ಲೇನ, ಹಂಗ. ತೊಗರಿ ತೊಳದ ನೀರು ಚೆಲ್ಲೂದ್ಯಾಕಂತ ಹೊಸ್ತಿಲ ಸಾರಿಸೀನಿ. ಮೂಸಿ ನೋಡು, ಔಷಧದ ವಾಸನಿ ಬರ್ತದೇನ?"

ಬಗ್ಗಿ ಮೂಸಿದೆ. ಹಸಿ ಮಣ್ಣಿನ ವಾಸನೆ. ಗೋದಾಮಿನಲ್ಲಿ ಅಷ್ಟು ಮೆರೆಯುತ್ತಿದ್ದ ನನ್ನ ಮೂಗಿಗೆ ಹೆದರಿಕೆಯಲ್ಲಿ ಇದೊಂದು ಕೆಲಸ ಹೊಳೆದಿರಲಿಲ್ಲ. ಮದುವೆಯಾಗಿ ಈ ಕಡೆ ಬಂದು ಅಕ್ಕನಿಗೆ ಎಷ್ಟೋ ವರ್ಷವಾಗಿತ್ತು, ನಾನು ಬಂದು ವರ್ಷವೂ ಆಗಿರಲಿಲ್ಲ. ಅಲ್ಲೇ ಗೋಡೆಗೆ ಒರಗಿ ಕುಳಿತೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಹೋದ ಜೀವ ಬಂದಂತಾಗಿತ್ತು. ಚೆಲ್ಲಿದ ಗುಗ್ಗರಿಗೆ ಆಗಲೇ ಕೋಳಿ ಮುತ್ತಿದ್ದವು.

"ದಿನಾ ಯಾಕ ಮೊದಲ ನೀನೇ ತಿಂತಿ?" ಎಂದು ಕೇಳಿದೆ.

"ಏನರ ಆದ್ರ ನನಗೊಬ್ಬಾಕಿಗೇ ಆಗಲಿ ಅಂತ. ಪರರ ಮಕ್ಕಳವ್ವಾ ಅವು" ಎಂದಳು, ಕೊಡದಲ್ಲಿ ನೀರಿದೆ ಎನ್ನುವಷ್ಟೇ ಸಲೀಸಾಗಿ. ಇನ್ನೊಂದು ತಾಟಿಗೆ ಗುಗ್ಗರಿ ಹಾಕಿ ತಾನು ಕೈ ಇಡಲು ಹೊರಟಳು. ನಾನು ತಾಟು ಕಸಿದುಕೊಂಡು ಮೊದಲ ತುತ್ತು ನನ್ನ ಬಾಯಿಗೆ ಹಾಕಿಕೊಂಡೆ.

ಉಪ್ಪು ಕಡಿಮೆಯಾಗಿತ್ತು. ಹೇಳಲಿಲ್ಲ.