ಇಲಿಮನೆಯ ತಡರಾಯರು
ಪ್ರಯೋಗಾಲಯದ ಇಲಿಗಳನ್ನು ನೋಡಿಕೊಳ್ಳುವ ತಡರಾಯರಿಗೆ ಆ ಹೆಸರಿಟ್ಟವರು ಅವರಿಗಾಗಿ ಕಾದು ಕಾದು ಸುಸ್ತಾದ ಸಹೋದ್ಯೋಗಿಗಳು. ಒಂಬತ್ತಕ್ಕೆ ಬರಬೇಕಾದವರು ಹನ್ನೊಂದಕ್ಕೆ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು, ಕಣ್ಣುಜ್ಜುತ್ತ ಬರುತ್ತಾರೆ. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಗದರಿದರೆ ಪಂಜರಗಳ ಕಡೆ ಕೈ ತೋರಿಸುತ್ತಾರೆ: "ಒಂದೇ ಒಂದು ಜೀನ್ ಬೇರೆ ಇರೋದಕ್ಕೆ ಇವು ಕತ್ತಲೆಕೋಣೇಲಿ ದಿನದಿನಕ್ಕೂ ಒಂದೊಂದು ಗಂಟೆ ತಡವಾಗಿ ಎದ್ದು ಚಕ್ರ ತಿರುಗಿಸ್ತವೆ. ಇವುಗಳ ಮೇಲೆ ಪ್ರಬಂಧ ಬರೀತೀರಿ, ನನಗೆ ಮಾತ್ರ ಮೆಮೋ ಕೊಡ್ತೀರಲ್ಲ ಮೇಡಂ!" "ಇಲಿಗೆ ಯಾರೂ ಸಂಬಳ ಕೊಡಲ್ಲ ಕಣ್ರೀ," ಎನ್ನುತ್ತಾರೆ ಮೇಡಂ. ಮನೆಯಲ್ಲಿ ಹೆಂಡತಿ ಕಿವಿಯ ಬಳಿಯೇ ತಟ್ಟೆ ಬಡಿದರೆ, ಯಾರದೋ ಮದುವೆಯ ವಾದ್ಯ ಎಂಬಂತೆ ಮುಗುಳ್ನಕ್ಕು ಮಗ್ಗುಲು ಬದಲಿಸುತ್ತಾರೆ. ಬೈಗುಳವೆಂದರೆ ಅವರಿಗೆ ಬೆನ್ನ ಮೇಲೆ ಬಿದ್ದ ಎಳೆಬಿಸಿಲು. ಆದರೆ ಈ ವರ್ಷ ಎಂಟನೇ ತರಗತಿಯ ಮಗಳೂ ಬೆಳಿಗ್ಗೆ ಏಳುತ್ತಿಲ್ಲ. "ಟೀಚರ್ ಎಲ್ಲರೆದುರು ಸೋಮಾರಿ ಅಂದ್ರು. ಹೌದಾ ಅಪ್ಪಾ?" ಎಂದು ಮೊನ್ನೆ ಅತ್ತಳು. ಅಂದಿನಿಂದ ತಡರಾಯರೇ ಅವಳ ಜೊತೆ ಶಾಲೆಗೆ ಹೋಗುತ್ತಾರೆ. ತಡವಾಗಿ ಬಂದವರ ಪುಸ್ತಕದಲ್ಲಿ 'ಕಾರಣ' ಎಂದಿರುವ ಕಡೆ, ಉಳಿದವರೆಲ್ಲ ಬಸ್ಸು, ಹೊಟ್ಟೆನೋವು ಎಂದು ಗೀಚಿರುವುದರ ಕೆಳಗೆ, ದುಂಡಗೆ ಬರೆಯುತ್ತಾರೆ: 'ತಂದೆ.'